ಜರ್ಮನಿಯಲ್ಲಿ ಕೆಲಸ ಹುಡುಕುವಾಗ ಫೇಸ್‌ಬುಕ್, ಇನ್‌ಸ್ಟಾ ಅಳಿಸಬೇಕಾ?

ಚಾನ್ಸೆನ್‌ಕಾರ್ಟೆ, ಅಂದರೆ ಜರ್ಮನಿಯಲ್ಲಿದ್ದು ಕೆಲಸ ಹುಡುಕಲು ಕೊಡುವ ಪರವಾನಗಿ ಕಾರ್ಡಿನ ಮೇಲೆ ಬಂದಿಳಿದಿದ್ದೀರಿ, ಕೆಲಸ ಸಿಗುವವರೆಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ಅಳಿಸಿಬಿಡಲಾ ಅಂತ ಕೇಳಿದ್ದೀರಿ. ಬೇಡ. ಕೆಲಸ ಹುಡುಕಲು ಕಾರ್ಡು ಕೊಡುವ ಅವಧಿ ಹೆಚ್ಚೆಂದರೆ ಒಂದು ವರ್ಷ. ಆ ಹೊತ್ತನ್ನು ಮೊದಲು ಲಿಂಕ್ಡ್‌ಇನ್‌ಗೆ ಕೊಡಿ.

ನಮ್ಮವರಿಗೆ ದೊಡ್ಡ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಪೂರ್ತಿ ಇರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ‘ಕೆ. ಎಸ್.’, ಲಿಂಕ್ಡ್‌ಇನ್‌ನಲ್ಲಿ ಮತ್ತೊಂದು. ಎಚ್‌ಆರ್‌ನವರ ಲೆಕ್ಕದಲ್ಲಿ ಇವರು ಮೂರು ಜನ! ಪಾಸ್‌ಪೋರ್ಟಿನ ಹೆಸರನ್ನೇ ಸಿವಿಯಲ್ಲೂ ಪ್ರೊಫೈಲಿನಲ್ಲೂ ಹಾಕಿ. ಕೆಲಸಕ್ಕೆ ಸೇರಿದ, ಬಿಟ್ಟ ತಿಂಗಳುಗಳು ರಿಲೀವಿಂಗ್ ಲೆಟರಿಗೆ ತಾಳೆಯಾಗಬೇಕು. ಲೊಕೇಶನ್ ಬೆಂಗಳೂರು ಅಂತಲೇ ಉಳಿದರೆ, ಮ್ಯೂನಿಕ್ ಅಂತ ಫಿಲ್ಟರ್ ಹಾಕಿ ಹುಡುಕುವ ರಿಕ್ರೂಟರ್ ಕಣ್ಣಿಗೆ ನೀವು ಬೀಳುವುದೇ ಇಲ್ಲ. ಜರ್ಮನ್ ಎಷ್ಟು ಬರುತ್ತದೆ ಅನ್ನುವುದನ್ನು ಯುರೋಪಿನ ಭಾಷಾ ಮಟ್ಟದ ಲೆಕ್ಕದಲ್ಲಿ, ಎ2 (ಆರಂಭಿಕ), ಬಿ1 (ಮಧ್ಯಮ) ಅಂತಲೇ ಬರೆಯಿರಿ. ಬಿ1 ಇಟ್ಟುಕೊಂಡು ‘ಫ್ಲುಯೆಂಟ್’ ಅಂದರೆ ಮೊದಲ ಫೋನಿನಲ್ಲೇ ಬಣ್ಣ ಬಯಲು. ಇಷ್ಟೆಲ್ಲ ತಿದ್ದುವ ಮುಂಚೆ, ಬದಲಾವಣೆಗಳನ್ನು ನೆಟ್‌ವರ್ಕಿಗೆ ತಿಳಿಸುವ ಸೆಟ್ಟಿಂಗ್ ಆಫ್ ಮಾಡಿಕೊಳ್ಳಿ. ಜರ್ಮನ್ ಭಾಷಿಕ ಕಂಪನಿಗಳಿಗೆ ಅರ್ಜಿ ಹಾಕುವುದಾದರೆ ಲಿಂಕ್ಡ್‌ಇನ್‌ನಂಥದೇ ಜರ್ಮನ್ ತಾಣವಾದ ಜಿಂಗ್‌ನಲ್ಲೂ (Xing) ಒಂದು ಪ್ರೊಫೈಲ್ ಇರಲಿ.

ಇನ್ನು ಫೇಸ್‌ಬುಕ್. ಹಳೆಯ ಪಬ್ಲಿಕ್ ಪೋಸ್ಟುಗಳನ್ನೆಲ್ಲ ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡುವ ಆಯ್ಕೆ ಪ್ರೈವಸಿ ಸೆಟ್ಟಿಂಗಿನಲ್ಲೇ ಇದೆ, ಒಂದೇ ಏಟಿಗೆ ಆಗುತ್ತದೆ. ಆದರೆ ಕವರ್ ಫೋಟೋ ಮಾತ್ರ ಎಲ್ಲರಿಗೂ ಕಾಣುತ್ತಲೇ ಇರುತ್ತದೆ. ಅಲ್ಲಿ ಗೃಹಪ್ರವೇಶದ ಚಿತ್ರವಿದ್ದು, ಬಾಗಿಲ ಮೇಲೋ ಕಲಶದ ಮೇಲೋ ಸ್ವಸ್ತಿಕ ಇದ್ದರೆ ಇವತ್ತೇ ಬದಲಾಯಿಸಿ. ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಇಲ್ಲಿನ ದಂಡಸಂಹಿತೆಯ 86ಎ ಕಲಮಿನಡಿ ಅಪರಾಧ. ನಮ್ಮ ಪೂಜೆಯ ಸ್ವಸ್ತಿಕ ಅದಲ್ಲ, ನಿಜ. ಆದರೆ ಬೆರಳುಗಾತ್ರದ ಚಿತ್ರ ನೋಡಿದವರು ನಿಮ್ಮನ್ನು ಕರೆದು ಅರ್ಥ ಕೇಳುವುದಿಲ್ಲ, ಮುಂದಿನ ಅರ್ಜಿ ತೆಗೆಯುತ್ತಾರೆ.

ಇನ್‌ಸ್ಟಾ ಪ್ರೈವೇಟ್ ಮಾಡಿದರೆ ಸಾಕು, ಆದರೆ ಬಯೋ, ಪ್ರೊಫೈಲ್ ಚಿತ್ರ ಆಗಲೂ ಕಾಣುತ್ತವೆ. ಗೆಳೆಯರು ತಮ್ಮ ಪಬ್ಲಿಕ್ ಖಾತೆಯಲ್ಲಿ ನಿಮ್ಮನ್ನು ಟ್ಯಾಗ್ ಮಾಡಿದ್ದರೆ ಟ್ಯಾಗ್ ತೆಗೆಯಬಹುದು. ಫೋಟೋ ಅಳಿಸಬೇಕಾದವರು ಅವರೇ, ಒಂದು ಮಾತು ಹೇಳಿ ತೆಗೆಸಿ. ಆಮೇಲೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ, ಲಾಗಿನ್ ಆಗದೆ, ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್ ಮಾಡಿ. ಇನಿಶಿಯಲ್ ಇರುವ ರೂಪವನ್ನೂ ಬಿಡಿಸಿದ ರೂಪವನ್ನೂ ಬೇರೆ ಬೇರೆಯಾಗಿ ಹುಡುಕಿ.