ಕೂಗಾಡಿದವನ ಪರವಾಗಿ

ಆಲ್ದೂರಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ‘ನಿಮ್ಮ ರೇಡಿಯೊ ವಿಶೇಷಾಂಕದಲ್ಲಿ ಬ್ರಿಟಿಷ್ ಹಾಸ್ಯನಟ ಕೆನೆತ್ ವಿಲಿಯಮ್ಸ್ ಅವರನ್ನು ಕೊಂಡಾಡಿದ ಲೇಖನ ಓದಿದೆ. ಮೊಮ್ಮಗನ ಮೊಬೈಲಿನಲ್ಲಿ ಅವರು ಭಾಗವಹಿಸುತ್ತಿದ್ದ ರೇಡಿಯೊ ಮಾತಿನ ಆಟದ ಹಳೆಯ ಧ್ವನಿಮುದ್ರಣವನ್ನೂ ಕೇಳಿದೆ. ಬರೀ ಅರಚಾಟ. ಅಧ್ಯಕ್ಷರನ್ನು ಹಂಗಿಸುವುದು, ತೀರ್ಪು ತನ್ನ ವಿರುದ್ಧ ಬಂದರೆ ರಂಪ ಮಾಡುವುದು. ತಾರೆ ಎಂಬ ಕಾರಣಕ್ಕೆ ಎಲ್ಲರೂ ಸಹಿಸಿದ್ದಾರೆ. ನಮ್ಮ ಕಡೆಯ ಹಾಸ್ಯಸಂಜೆಗಳಲ್ಲಿ ಆಗುತ್ತಿರುವುದೂ ಇದೇ. ಕಳೆದ ಗಣೇಶೋತ್ಸವದಲ್ಲಿ ಭಾಷಣಕಾರರೊಬ್ಬರು ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳ ಮೈಕಟ್ಟನ್ನು ಆಡಿಕೊಂಡು ನಗಿಸಿದರು. ಆಕೆ ಎದ್ದು ಹೋದಳು, ಸಭೆ ಚಪ್ಪಾಳೆ ತಟ್ಟಿತು. ಇಂಥ ಪುಂಡಾಟಕ್ಕೆ ನಿಮ್ಮ ಪತ್ರಿಕೆ ಮಣೆ ಹಾಕಬೇಕೆ?’

ಮಾನ್ಯ ಮೇಷ್ಟರೇ,

ಎದ್ದು ಹೋದ ಆ ಹೆಣ್ಣುಮಗಳ ಪರವಾಗಿ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ, ನೀವು ಬರೆದಿರಿ. ಅದಕ್ಕೆ ಮೊದಲು ನನ್ನ ನಮಸ್ಕಾರ. ಆದರೆ ಆ ವೇದಿಕೆಯಲ್ಲಿ ನಡೆದದ್ದನ್ನೂ ಕೆನೆತ್ ವಿಲಿಯಮ್ಸ್ ರೇಡಿಯೊದಲ್ಲಿ ಮಾಡಿದ್ದನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದೀರಲ್ಲ, ಅದನ್ನು ನಾನು ಒಪ್ಪಲಾರೆ. ಎರಡೂ ಕಡೆ ಕೂಗಾಟವಿದೆ ನಿಜ. ಯಾರ ಮೇಲೆ ಕೂಗಿದರು, ಕೂಗಿದ ಮೇಲೆ ಏನಾಯಿತು ಎಂಬುದನ್ನು ನೋಡಿದರೆ ಎರಡೂ ಬೇರೆ ಬೇರೆ.

ಆ ಕಾರ್ಯಕ್ರಮದ ಹೆಸರು ‘ಜಸ್ಟ್ ಎ ಮಿನಿಟ್’. ಇಯಾನ್ ಮೆಸಿಟರ್ ಅವರ ಕಲ್ಪನೆಯ ಕೂಸು. 1967ರ ಡಿಸೆಂಬರ್‌ನಲ್ಲಿ ಬಿಬಿಸಿ ರೇಡಿಯೊ 4ರಲ್ಲಿ ಶುರುವಾಯಿತು. ನಾಲ್ವರು ಸ್ಪರ್ಧಿಗಳು, ಒಬ್ಬರು ಅಧ್ಯಕ್ಷರು, ಎದುರಿಗೆ ಪ್ರೇಕ್ಷಕರು. ಕೊಟ್ಟ ವಿಷಯದ ಮೇಲೆ ಅರವತ್ತು ಸೆಕೆಂಡು ಮಾತನಾಡಬೇಕು. ತಡವರಿಸಬಾರದು, ಒಮ್ಮೆ ಆಡಿದ ಪದವನ್ನು ಮತ್ತೆ ಆಡಬಾರದು, ವಿಷಯ ಬಿಟ್ಟು ಆಚೆ ಹೋಗಬಾರದು. ಎಡವಿದರೆ ಉಳಿದವರಲ್ಲಿ ಯಾರಾದರೂ ಗುಂಡಿ ಒತ್ತಿ ಆಕ್ಷೇಪಿಸಬಹುದು. ಆಕ್ಷೇಪ ಸರಿಯೆಂದು ಅಧ್ಯಕ್ಷರು ಹೇಳಿದರೆ ಆಕ್ಷೇಪಿಸಿದವರಿಗೆ ಒಂದು ಅಂಕ, ಉಳಿದ ಸೆಕೆಂಡುಗಳಿಗೆ ವಿಷಯವೂ ಅವರದೇ. ತಪ್ಪೆಂದರೆ ಅಂಕ ಮಾತನಾಡುತ್ತಿದ್ದವರಿಗೆ. ನಿಮಿಷ ಮುಗಿದಾಗ ಸೀಟಿ ಊದುತ್ತಾರೆ. ಆಗ ಮಾತು ಯಾರ ಬಾಯಲ್ಲಿದೆಯೋ ಅವರಿಗೆ ಇನ್ನೊಂದು ಅಂಕ.

ಕೇಳಲು ಸುಲಭ. ‘ಕಾಫಿ ಕೊಯ್ಲು’ ಎಂಬ ವಿಷಯ ಕೊಟ್ಟರೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಸರಕಿನ ಕೊರತೆಯಿಲ್ಲ. ಆದರೆ ತೋಟ, ಹಣ್ಣು, ಆಳು, ಕಣ, ಮಳೆ ಎಲ್ಲವನ್ನೂ ಒಂದೊಂದೇ ಸಲ ಹೇಳಿ ನಿಲ್ಲದೆ ಸಾಗಬೇಕು. ಸುತ್ತ ಮೂವರು ನಿಮ್ಮ ತಪ್ಪಿಗಾಗಿಯೇ ಕಾದು ಕೂತಿರುತ್ತಾರೆ. ಅರ್ಧ ನಿಮಿಷ ದಾಟುವಷ್ಟರಲ್ಲಿ ಒಳ್ಳೆಯ ಮಾತುಗಾರರ ನಾಲಗೆಯೂ ಒಣಗುತ್ತದೆ.

ವಿಲಿಯಮ್ಸ್ ಈ ಆಟಕ್ಕೆ 1968ರಲ್ಲಿ ಬಂದರು, 1988ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವವರೆಗೂ ಇದ್ದರು. ಲಂಡನ್ನಿನ ಕ್ಷೌರಿಕರೊಬ್ಬರ ಮಗ. ಹುಡುಗನಾಗಿದ್ದಾಗ ನಕ್ಷೆ ಬಿಡಿಸುವ ಕೆಲಸ ಕಲಿತರು. ಯುದ್ಧ ಮುಗಿದ ಹೊತ್ತಿನಲ್ಲಿ ಸಿಂಗಪುರದಲ್ಲಿ ಸೈನಿಕರನ್ನು ರಂಜಿಸುವ ತಂಡ ಸೇರಿದರು. ನಟನೆ ಅಲ್ಲಿಂದ ಕೈ ಹಿಡಿಯಿತು. ವಿಶ್ವವಿದ್ಯಾಲಯ ಕಂಡವರಲ್ಲ, ಓದಿದ್ದೆಲ್ಲ ಸ್ವಂತ ಹಸಿವಿನಿಂದ. ಅದನ್ನು ಗಮನಿಸಬೇಕು. ಚರಿತ್ರೆಯ ಯಾವುದೋ ಮರೆತುಹೋದ ವ್ಯಕ್ತಿಯ ಹೆಸರು ಕೊಟ್ಟರೆ ಇವರು ಗಂಭೀರವಾಗಿ, ಮೇಷ್ಟರೊಬ್ಬರು ಪಾಠ ಮಾಡಿದಷ್ಟು ಅಚ್ಚುಕಟ್ಟಾಗಿ ಮಾತನಾಡಬಲ್ಲವರಾಗಿದ್ದರು. ನೀವು ಕೇಳಿದ ಧ್ವನಿಮುದ್ರಣದಲ್ಲಿ ಅಂಥ ವಿಷಯ ಬಂದಿರಲಿಕ್ಕಿಲ್ಲ.

ಇನ್ನು ಅವರ ರಂಪ. ನೀವು ಬರೆದದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಆಕ್ಷೇಪ ಬಿದ್ದೊಡನೆ ಧ್ವನಿ ಏರುತ್ತಿತ್ತು. ಶ್ರೀಮಂತರ ಮೂಗಿನ ಉಚ್ಚಾರದಲ್ಲಿ ಶುರುವಾದ ವಾಕ್ಯ ಲಂಡನ್ನಿನ ಬೀದಿಯ ಆಡುನುಡಿಗೆ ಜಾರಿ ಕಿರುಚಾಟದಲ್ಲಿ ಮುಗಿಯುತ್ತಿತ್ತು. ಒಂದು ಸ್ವರವನ್ನು ಎಳೆದೆಳೆದು ಸೆಕೆಂಡುಗಳನ್ನು ನುಂಗುತ್ತಿದ್ದರು. ಮಾತು ನಿಂತಿಲ್ಲವಾದ್ದರಿಂದ ಅದನ್ನು ತಡವರಿಕೆ ಎನ್ನುವಂತಿಲ್ಲ. ಗ್ರೇಟ್ ಪೋರ್ಟ್‌ಲೆಂಡ್ ಸ್ಟ್ರೀಟಿನಿಂದ ಇಷ್ಟು ದೂರ ಬಂದದ್ದು ಈ ಅವಮಾನಕ್ಕಾಗಿಯೇ ಎಂದು ಗೋಳಾಡುವುದು ಅವರ ವಾಡಿಕೆ. ಆ ಬೀದಿ ಇರುವುದು ಲಂಡನ್ನಿನ ನಡುಮಧ್ಯದಲ್ಲಿ, ದೂರವೇನೂ ಅಲ್ಲ ಎಂಬುದು ಕೇಳುಗರಿಗೆಲ್ಲ ಗೊತ್ತು, ನಗು ಬರುತ್ತಿದ್ದದ್ದು ಅಲ್ಲಿಂದಲೇ.

ಆದರೆ ಮೇಷ್ಟರೇ, ರಂಪ ಮುಗಿದ ಮೇಲಿನ ಕ್ಷಣವನ್ನು ಇನ್ನೊಮ್ಮೆ ಕೇಳಿ. ಅಧ್ಯಕ್ಷ ನಿಕೋಲಸ್ ಪಾರ್ಸನ್ಸ್ ಕೆಲವೊಮ್ಮೆ ಸಂಶಯದ ಲಾಭ ಕೊಡುತ್ತಿದ್ದರು, ಕೆಲವೊಮ್ಮೆ ಪ್ರೇಕ್ಷಕರನ್ನೇ ಕೇಳುತ್ತಿದ್ದರು. ಒಮ್ಮೆ ತೀರ್ಪು ಹೇಳಿದ ಮೇಲೆ ವಿಷಯ ಯಾರಿಗೆ ಹೋಯಿತೋ ಅವರು ಮಾತು ಎತ್ತಿಕೊಳ್ಳುತ್ತಿದ್ದರು, ಆಟ ಮುಂದೆ ಸಾಗುತ್ತಿತ್ತು. ಎಷ್ಟು ಗುಡುಗಿದರೂ ವಿಲಿಯಮ್ಸ್ ನಿಯಮವನ್ನು ಕಿತ್ತೊಗೆಯಲಿಲ್ಲ. ನಿಯಮ ಗಟ್ಟಿಯಾಗಿ ನಿಂತಿದ್ದರಿಂದಲೇ ಅದಕ್ಕೆ ತಲೆ ಚಚ್ಚಿಕೊಳ್ಳುವ ಅವರ ಆಟಕ್ಕೆ ಅರ್ಥ ಬಂತು. ಪಕ್ಕದಲ್ಲಿ ಕೂರುತ್ತಿದ್ದವರೂ ಸಾಮಾನ್ಯರಲ್ಲ. ಕ್ಲೆಮೆಂಟ್ ಫ್ರಾಯ್ಡ್ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರ ಮೊಮ್ಮಗ, 1973ರಿಂದ 1987ರವರೆಗೆ ಸಂಸತ್ ಸದಸ್ಯ. ತಣ್ಣಗಿನ ಧ್ವನಿಯಲ್ಲಿ, ಗೆಲ್ಲಲೇಬೇಕೆಂದು ಆಡುತ್ತಿದ್ದವರು. ಡೆರೆಕ್ ನಿಮ್ಮೊ, ಪೀಟರ್ ಜೋನ್ಸ್ ಇಬ್ಬರೂ ನುರಿತ ನಟರು. ಇವರಲ್ಲಿ ಯಾರೂ ವಿಲಿಯಮ್ಸ್ ಕೂಗಿಗೆ ಮುದುಡುವವರಲ್ಲ, ಎದ್ದು ಹೋಗಬೇಕಾದ ಸ್ಥಿತಿ ಯಾರಿಗೂ ಇರಲಿಲ್ಲ.

ಬೈಗುಳದ ಬಹುಪಾಲು ಬೀಳುತ್ತಿದ್ದದ್ದು ಪಾರ್ಸನ್ಸ್ ಮೇಲೆ. ಅವರ ಬಗ್ಗೆ ನಮ್ಮ ಲೇಖನದಲ್ಲಿ ಹೆಚ್ಚು ಜಾಗ ಇರಲಿಲ್ಲ, ಇಲ್ಲಿ ಹೇಳಲೇಬೇಕು. ಅಧ್ಯಕ್ಷರ ಕುರ್ಚಿ ಅವರು ಬಯಸಿ ಪಡೆದದ್ದಲ್ಲ. ಸ್ಪರ್ಧಿಯಾಗಿ ಕೂರಲು ಬಂದವರು. ಅದಕ್ಕೂ ಮೊದಲು ಟೆಲಿವಿಷನ್‌ನಲ್ಲಿ ಆರ್ಥರ್ ಹೇನ್ಸ್ ಎಂಬ ಹಾಸ್ಯನಟರಿಗೆ ಜೋಡಿಯಾಗಿ, ತಾವು ನಗಿಸದೆ ಇನ್ನೊಬ್ಬರ ನಗೆಗೆ ದಾರಿ ಮಾಡಿಕೊಡುವ ಪಾತ್ರದಲ್ಲಿ ಪಳಗಿದ್ದರು. ಬೈಸಿಕೊಳ್ಳುವುದು ತಮ್ಮ ಕೆಲಸದ ಭಾಗ ಎಂದು ತಿಳಿದು, ಅದನ್ನು ಸೊಗಸಾಗಿ ಮಾಡಿದರು. 2019ರವರೆಗೆ ಆ ಕುರ್ಚಿಯಲ್ಲಿದ್ದರು, 2020ರ ಜನವರಿಯಲ್ಲಿ ತೀರಿಕೊಂಡರು. ಐವತ್ತು ವರ್ಷ ದಾಟಿದ ಆ ತಾಳ್ಮೆಯನ್ನು ಸಹನೆ ಎಂದು ಮಾತ್ರ ಕರೆದರೆ ಅನ್ಯಾಯವಾಗುತ್ತದೆ. ಅದು ಪರಿಣತಿ.

ನಿಮಗೆ ಈ ವ್ಯವಸ್ಥೆ ಅಪರಿಚಿತವೂ ಅಲ್ಲ. ಶತಾವಧಾನಿ ಆರ್. ಗಣೇಶ್ ಅವರ ಅಷ್ಟಾವಧಾನದಲ್ಲಿ ಪ್ರಶ್ನೆ ಒಡ್ಡುವ ಎಂಟು ಪೃಚ್ಛಕರ ಪೈಕಿ ಒಬ್ಬರ ಕೆಲಸವೇ ಅಪ್ರಸ್ತುತ ಪ್ರಸಂಗ. ಅತ್ತ ನಿಷೇಧಾಕ್ಷರಿಯವರು ಅವಧಾನಿ ಕಟ್ಟುತ್ತಿರುವ ಪದ್ಯದ ಮುಂದಿನ ಅಕ್ಷರವನ್ನೇ ನಿಷೇಧಿಸಿ ಕೂತಿರುತ್ತಾರೆ, ಅವಧಾನಿ ಬೇರೆ ಅಕ್ಷರ ಹುಡುಕುತ್ತಿರುತ್ತಾರೆ. ಇತ್ತ ಈ ಮಹಾಶಯರು ಸಂಬಂಧವೇ ಇಲ್ಲದ ತರಲೆ ಪ್ರಶ್ನೆ ಎಸೆದು ಏಕಾಗ್ರತೆ ಕೆಡಿಸಲು ನೋಡುತ್ತಾರೆ. ಅವರನ್ನು ನಾವು ಪುಂಡರೆನ್ನುವುದಿಲ್ಲ. ಎದುರಿಗಿರುವುದು ಅವಧಾನಿ, ಆ ಕಾಟಕ್ಕೆ ತಯಾರಾಗಿಯೇ ಬಂದವರು. ಕಾಟ ಕೊಟ್ಟಷ್ಟೂ ಅವರ ವಿದ್ವತ್ತು ಹೊಳೆಯುತ್ತದೆ. ನಮ್ಮ ಕೊಪ್ಪ, ಶೃಂಗೇರಿ ಕಡೆಯ ತಾಳಮದ್ದಲೆಯಲ್ಲಿ ಪಾತ್ರಗಳ ಮಾತಾಡುವ ಅರ್ಥಧಾರಿಗಳು ಒಬ್ಬರನ್ನೊಬ್ಬರು ಮಾತಿನಲ್ಲಿ ಸಿಕ್ಕಿಸಲು ನೋಡುವುದನ್ನೂ ನೀವು ರಾತ್ರಿಯಿಡೀ ಕೂತು ಕೇಳಿರಬಹುದು.

ಹಾಗೆಂದು ವಿಲಿಯಮ್ಸ್ ಮಾಡಿದ್ದೆಲ್ಲವನ್ನೂ ನಾನು ಸಮರ್ಥಿಸುವುದಿಲ್ಲ. ಈ ಆಟಕ್ಕೆ ಹೆಂಗಸರನ್ನು ಸೇರಿಸಬಾರದಿತ್ತು ಎಂದು ಅವರು ಆಗಾಗ ಗೊಣಗುತ್ತಿದ್ದರು. ತಮಾಷೆಗೆ ಎಂದು ಅಂದು ಎಲ್ಲರೂ ನಕ್ಕರು. ನನಗೆ ನಗು ಬರುವುದಿಲ್ಲ. ನಾಲ್ಕು ಕುರ್ಚಿಗಳಲ್ಲಿ ಹೆಚ್ಚಿನವುಗಳಲ್ಲಿ ಗಂಡಸರೇ ಕೂರುತ್ತಿದ್ದ ಕಾಲ ಅದು. ಒಬ್ಬಳು ಬಂದಾಗ ಅವಳು ಹೆಣ್ಣು ಎಂಬುದನ್ನೇ ಹಾಸ್ಯ ಮಾಡಿದರೆ ಅದು ಆಟದ ಹೊರಗಿನ ಏಟು. ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಅವರ ಮರಣಾನಂತರ ಅಚ್ಚಾದ ದಿನಚರಿಗಳಲ್ಲಿ ಸ್ವಂತ ಕಾರ್ಯಕ್ರಮಗಳ ಬಗ್ಗೆ, ತಮ್ಮ ಬಗ್ಗೆಯೇ ಕಹಿಯಾಗಿ ಬರೆದುಕೊಂಡಿದ್ದಾರೆ. ಒಂಟಿ ಜೀವ. ಅದು ಅವರ ಮಾತಿಗೆ ಕ್ಷಮಾಪಣೆಯಾಗುವುದಿಲ್ಲ, ಆದರೂ ಕೊಬ್ಬಿದ ತಾರೆ ಎಂಬ ನಿಮ್ಮ ಚಿತ್ರಕ್ಕೆ ಅವರು ಹೊಂದುವುದಿಲ್ಲ.

ಈಗ ನಿಮ್ಮ ಗಣೇಶೋತ್ಸವದ ವೇದಿಕೆ. ಅಲ್ಲಿ ನಿಯಮ ಇರಲಿಲ್ಲ, ಅಧ್ಯಕ್ಷರು ಇದ್ದರೂ ಹಾರ ಹಾಕಿಸಿಕೊಂಡು ಸುಮ್ಮನೆ ಕೂತಿದ್ದರು. ಮೈಕು ಒಬ್ಬರ ಕೈಯಲ್ಲಿ, ಏಟು ಮೈಕು ಇಲ್ಲದವಳ ಮೇಲೆ. ಎದುರುತ್ತರ ಕೊಡಲು ಆಕೆಗೆ ಯಾವ ಗುಂಡಿಯೂ ಇರಲಿಲ್ಲ. ಹೆಂಡತಿ, ಮೈಬಣ್ಣ, ಹಳ್ಳಿಯವರ ಉಚ್ಚಾರ, ಇವೇ ಮೂರು ಸರಕನ್ನು ಊರೂರಿಗೆ ಹೊತ್ತು ತಿರುಗುವವರಿಗೆ ವಿಲಿಯಮ್ಸ್ ಗುರುವಲ್ಲ. ಅವರಲ್ಲಿ ಒಬ್ಬರನ್ನು ಕರೆದು ಹೇಳಿದ್ದನ್ನೇ ಹೇಳದೆ ಒಂದು ನಿಮಿಷ ಮಾತನಾಡಿ ಎಂದರೆ ಅವರ ಸಂಜೆಯೇ ಬರಿದಾಗುತ್ತದೆ. ಹಾಸ್ಯಸಂಜೆ ಎಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಹಿರೇಮಗಳೂರು ಕಣ್ಣನ್ ಅವರು ಟಿವಿಯ ಹರಟೆಯಲ್ಲಿ ವಾದಕ್ಕೆ ಕೂತಾಗ ಎದುರಿಗೆ ವಾದಿಸಬಲ್ಲವರೇ ಇರುತ್ತಿದ್ದರು. ನಗುವಿಗೆ ಯಾರನ್ನೂ ಬಲಿ ಕೊಡಬೇಕಾಗಿರಲಿಲ್ಲ.

ಆದ್ದರಿಂದ ನನ್ನದೊಂದು ಬೇಡಿಕೆ. ನಮ್ಮ ಶಾಲೆಗಳ ಆಶುಭಾಷಣ ಸ್ಪರ್ಧೆ ಈಗ ಹೆಸರಿಗೆ ಮಾತ್ರ ಉಳಿದಿದೆ. ಪರಿಸರ, ಸ್ವಚ್ಛತೆ, ಮೊಬೈಲಿನ ದುಷ್ಪರಿಣಾಮ ಎಂದು ಮಕ್ಕಳು ಮನೆಯಲ್ಲೇ ಬಾಯಿಪಾಠ ಮಾಡಿ ಬರುತ್ತಾರೆ. ಅದರ ಬದಲು ಈ ಒಂದು ನಿಮಿಷದ ಆಟವನ್ನು ನಿಮ್ಮ ಶಾಲೆಯ ಸಭಾಂಗಣದಲ್ಲಿ ಆಡಿಸಿ. ಕನ್ನಡಕ್ಕೆ ನಿಯಮವನ್ನು ಸ್ವಲ್ಪ ಹೊಂದಿಸಬೇಕಾಗುತ್ತದೆ. ‘ಮನೆ’ ಎಂದವರು ಆಮೇಲೆ ‘ಮನೆಗೆ’ ಎಂದರೆ ಪುನರಾವರ್ತನೆಯೇ? ನನ್ನ ಮತ: ವಿಭಕ್ತಿ ಬದಲಾದರೂ ಪದ ಅದೇ, ಆಕ್ಷೇಪಿಸಬಹುದು, ‘ಮತ್ತು’, ‘ಆದರೆ’, ‘ಎಂದು’ ಮುಂತಾದವುಗಳನ್ನು ಬಿಟ್ಟುಬಿಡೋಣ. ವ್ಯಾಕರಣ ಕಲಿಸಿದವರು ನೀವು, ಒಪ್ಪದಿದ್ದರೆ ತಿದ್ದಿ. ಗುಂಡಿ ಇಲ್ಲದಿದ್ದರೆ ಮೇಜು ತಟ್ಟಿದರೂ ಸಾಕು.

ಅಧ್ಯಕ್ಷರ ಕುರ್ಚಿಯಲ್ಲಿ ನೀವೇ ಕೂರಬೇಕು. ಯಾವನಾದರೂ ಹುಡುಗ ತೀರ್ಪು ಕೇಳಿ ಅನ್ಯಾಯ, ಅನ್ಯಾಯ ಎಂದು ಎದ್ದು ಕೂಗಿದರೆ ಗದರಬೇಡಿ, ಕೂಗಲು ಬಿಡಿ. ಪಕ್ಕದ ಹುಡುಗಿಯ ಬಣ್ಣವನ್ನೋ ಜಾತಿಯನ್ನೋ ಎತ್ತಿದರೆ ಆಗ ಹೊರಗೆ ಕಳಿಸಿ. ತಾರೀಖು ತಿಳಿಸಿದರೆ ಚಿಕ್ಕಮಗಳೂರಿನಿಂದ ನಾನು ಬರುತ್ತೇನೆ. ಆ ದಿನದ ವರದಿಯನ್ನು, ಮಕ್ಕಳ ಮಾತುಗಳ ಸಮೇತ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವ ಹೊಣೆ ನನ್ನದು.

ಸಂಪಾದಕ