ಕಾಲರ್ ಮಾರಿದ ಕುಂಚ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಹಳೇ ಮುಖಪುಟ ಕಲಾವಿದ ಜೆ.ಸಿ. ಲೈಯನ್‌ಡೆಕರ್‌ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಅಂಗಿ ಕಾಲರ್ ಮಾರೋಕೆ ಬರೆದದ್ದು ಕಲೆ ಹೇಗಾಗುತ್ತದೆ? ಮೇಷ್ಟ್ರಾಗುವ ಮೊದಲು ನಾನೂ ಎರಡು ವರ್ಷ ಸಿನಿಮಾ ಬ್ಯಾನರ್ ಬರೆದವನು. ಅದು ಹೊಟ್ಟೆಪಾಡು, ಕಲೆಯಲ್ಲ."
ನಿವೃತ್ತ ಚಿತ್ರಕಲಾ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕುಂಚ ಹಿಡಿದ ಕೈ ಬರೆದದ್ದು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ. ನೀವು ಹೇಳಿದ್ದರಲ್ಲಿ ಒಂದು ಮಾತು ನಿಜ. ಆ ಚಿತ್ರಗಳು ಸರಕು ಮಾರಲೆಂದೇ ಹುಟ್ಟಿದವು. ಆ ಕಾಲದ ಮುಖಪುಟಗಳಲ್ಲಿ ಕಪ್ಪು ಜನ ಕಾಣಿಸಿದರೂ ಬಹುಪಾಲು ಆಳುಗಳಾಗಿಯೇ ಕಾಣಿಸಿದರು ಅನ್ನೋದನ್ನೂ ನಾನು ಮುಚ್ಚಿಡುವುದಿಲ್ಲ.

ಆದರೆ ಹೊಟ್ಟೆಪಾಡಿಗೆ ಬರೆದದ್ದು ಕಲೆಯಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ಲೈಯನ್‌ಡೆಕರ್ 1874ರಲ್ಲಿ ಜರ್ಮನಿಯಲ್ಲಿ ಹುಟ್ಟಿದ. ಎಂಟು ವರ್ಷದವನಿದ್ದಾಗ ಮನೆಯವರು ಶಿಕಾಗೋಗೆ ಬಂದರು. ಹದಿಹರೆಯದಲ್ಲೇ ಅಚ್ಚಿನ ಬ್ಲಾಕ್ ಮಾಡುವ ಕಡೆ ದುಡಿದ. ಆಮೇಲೆ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದ. 1905ರಿಂದ 1931ರವರೆಗೆ 'ಆರೋ' ಎಂಬ ಬ್ರ್ಯಾಂಡಿನ ಕಾಲರ್ ಜಾಹೀರಾತುಗಳಿಗೆ ಬರೆದ. ಆಗ ಕಾಲರನ್ನು ಅಂಗಿಯಿಂದ ಬಿಚ್ಚಬಹುದಿತ್ತು. ಅಂಗಿ ಒಗೆಯದೆ ಕಾಲರ್ ಒಂದನ್ನೇ ಬದಲಿಸುತ್ತಿದ್ದರು. ಗಂಜಿ ಹಾಕಿದ ಬಟ್ಟೆಪಟ್ಟಿ. ಅದರಲ್ಲಿ ಬರೆಯೋಕೆ ಏನಿದೆ, ಅಲ್ವಾ? ಆತ ಕಾಲರ್ ತೊಟ್ಟ ಗಂಡಸನ್ನು ಬರೆದ. ಚಿತ್ರದಲ್ಲಿ ಮಾತ್ರ ಇದ್ದ ಆ ಗಂಡಸಿಗೆ ಹೆಂಗಸರು ಪ್ರೇಮಪತ್ರ ಕಳಿಸಿದರು! ಎಷ್ಟೋ ಚಿತ್ರಗಳಿಗೆ ಮಾದರಿಯಾಗಿ ನಿಂತವನು ಚಾರ್ಲ್ಸ್ ಬೀಚ್, ಲೈಯನ್‌ಡೆಕರನ ಬಾಳಿನ ಸಂಗಾತಿ.

ಆ ನಾಲ್ಕು ಪುಟವನ್ನು ದಯವಿಟ್ಟು ಇನ್ನೊಮ್ಮೆ ತೆಗೆದು, ಕಿಟಕಿ ಹತ್ತಿರ ಹಿಡಿದು ನೋಡಿ. ತೋಳಿನ ಮಡಿಕೆಯಲ್ಲಿ ಕುಂಚದ ಗೆರೆಗಳು ಒಂದರ ಪಕ್ಕ ಒಂದು ಓರೆಯಾಗಿ ನಿಂತಿವೆ. ತೀಡಿ ನಯ ಮಾಡಿಲ್ಲ. ಒಂದೇ ಎಳೆತ, ಅಷ್ಟೇ. ಹಿಂದಕ್ಕೆ ಸರಿದು ನೋಡಿದರೆ ಅದೇ ಗೆರೆಗಳು ರೇಷ್ಮೆಯ ಹೊಳಪಾಗುತ್ತವೆ. ಆತ ಫೋಟೋ ಇಟ್ಟುಕೊಂಡು ಬರೆದವನಲ್ಲ, ಎದುರಿಗೆ ಮನುಷ್ಯನನ್ನು ನಿಲ್ಲಿಸಿಕೊಂಡು ಬರೆದವನು. ನಲವತ್ತು ವರ್ಷ ಮಕ್ಕಳಿಗೆ ಚಿತ್ರ ಹೇಳಿಕೊಟ್ಟ ನಿಮಗೆ ಇದು ಕಾಣಲಿಲ್ಲ ಅಂದರೆ ನಾನು ನಂಬುವುದಿಲ್ಲ. ಕಾಲರ್ ಅಡ್ಡ ಬಂದಿರಬೇಕು.

ಸ್ಯಾಟರ್ಡೆ ಈವ್ನಿಂಗ್ ಪೋಸ್ಟ್ ಒಂದಕ್ಕೇ ಆತ 322 ಮುಖಪುಟ ಬರೆದ. ಐದು ಸೆಂಟಿನ ಪತ್ರಿಕೆ ಅದು, 1908ರ ಹೊತ್ತಿಗೆ ಹತ್ತು ಲಕ್ಷ ಪ್ರತಿ ಮುಟ್ಟಿತ್ತು. ಮ್ಯೂಸಿಯಂ ಮೆಟ್ಟಿಲು ಹತ್ತದವರ ಮನೆಗೂ ವಾರ ವಾರ ಚಿತ್ರ ಹೋಗುತ್ತಿತ್ತು. 1914ರಲ್ಲಿ ತಾಯಂದಿರ ದಿನಕ್ಕೆ, ಹೂಕುಂಡ ಹಿಡಿದು ನಿಂತ ಹೋಟೆಲ್ ಹುಡುಗನನ್ನು ಬರೆದ. ಆ ದಿನ ಅಮ್ಮಂದಿರಿಗೆ ಹೂ ಕೊಡುವ ರೂಢಿ ಬೆಳೆದದ್ದೇ ಆ ಮುಖಪುಟದಿಂದ ಅನ್ನುವವರಿದ್ದಾರೆ. 1916ರಲ್ಲಿ ಅದೇ ಪತ್ರಿಕೆಗೆ ಬಂದ, ಮುಂದೆ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿದ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಈತನನ್ನು ಗುರುವಿನ ಹಾಗೆ ಕಂಡ. 1951ರಲ್ಲಿ ಲೈಯನ್‌ಡೆಕರ್ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ರಾಕ್‌ವೆಲ್ಲೂ ಒಬ್ಬ.

ನನಗೆ ಸಂಕಟವಾಗುವುದು ಆಮೇಲಿನದ್ದಕ್ಕೆ. ಆತ ಹೋದ ಮೇಲೆ ಮೂಲಚಿತ್ರಗಳನ್ನು ಅಂಗಳದಲ್ಲಿಟ್ಟು ತಲಾ 75 ಡಾಲರಿಗೆ ಮಾರಿದರು. ಜಾಹೀರಾತಿನವನು ತಾನೇ ಅಂದುಕೊಂಡಿದ್ದ ಕಾಲ. 2021ರಲ್ಲಿ ಆತನ ಒಂದೇ ಒಂದು ಮುಖಪುಟ ಚಿತ್ರ ಹರಾಜಿನಲ್ಲಿ 41 ಲಕ್ಷ ಡಾಲರ್ ದಾಟಿತು.

ನಾನು ಮೊದಲು ಕೆಲಸಕ್ಕಿದ್ದ ಪತ್ರಿಕೆಯಲ್ಲೂ ಇಂಥದ್ದನ್ನೇ ಕಂಡೆ. ಕಚೇರಿ ಬದಲಿಸುವಾಗ ಮುಖಪುಟದ ಮೂಲಚಿತ್ರಗಳನ್ನೆಲ್ಲ ಕಟ್ಟು ಕಟ್ಟಿ ರದ್ದಿಗೆ ಹಾಕಿದರು. ತಕ್ಕಡಿಯಲ್ಲಿ ತೂಗುವಾಗ ನಾನು ಪಕ್ಕದಲ್ಲೇ ಇದ್ದೆ. ಹೊಸಬ, ಬಾಯಿ ಬಿಡಲಿಲ್ಲ. ಈಗಂತೂ ಎಷ್ಟೋ ಪತ್ರಿಕೆಗಳು ಚಿತ್ರ ಬರೆದವರ ಹೆಸರನ್ನೂ ಹಾಕುವುದಿಲ್ಲ. ದುಡ್ಡು ಕೊಡೋದು ತಡ, ಕೊಡೋದೂ ಕಡಿಮೆ. ಕಲೆಯಲ್ಲ ಅಂತ ನಾವೇ ಅಂದುಬಿಟ್ಟರೆ ಅವರಿಗೆ ಇನ್ನೂ ಸುಲಭ.

ಅಂದ ಹಾಗೆ ಮೇಷ್ಟ್ರೇ, ಆ ಎರಡು ವರ್ಷದ ಬ್ಯಾನರುಗಳ ಒಂದಾದರೂ ಫೋಟೋ ಉಳಿದಿದೆಯಾ? ಇದ್ದರೆ ಕಳಿಸಿ. ನಿಮ್ಮ ಹೆಸರು ಹಾಕಿಯೇ ಅಚ್ಚು ಮಾಡುತ್ತೇವೆ.