ಡೈನೋಸಾರ್‌ಗಳು ಅಳಿಯದೆ ಉಳಿದಿದ್ದರೆ?

ಪ್ರಶ್ನೆ: ಕ್ಷುದ್ರಗ್ರಹ ಭೂಮಿಗೆ ಅಪ್ಪಳಿಸದೇ ಹೋಗಿದ್ದರೆ ಡೈನೋಸಾರ್‌ಗಳೇ ಮನುಷ್ಯರಂಥ ಬುದ್ಧಿಜೀವಿಗಳಾಗುತ್ತಿದ್ದವೇ? ಆಗ ನಾವು ಇರುತ್ತಿದ್ದೆವೇ?
– ಓದುಗರು, ಹಾವೇರಿ

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನು ಕೆನಡಾದಲ್ಲಿದ್ದ ಜೀವಾವಶೇಷ ತಜ್ಞ ಡೇಲ್ ರಸೆಲ್ 1982ರಲ್ಲಿಯೇ ಎತ್ತಿದ್ದರು. ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡ ಮಿದುಳಿದ್ದ ಟ್ರೂಡಾನ್ ಬಳಗದ ಡೈನೋಸಾರ್ ಇಂದಿನವರೆಗೂ ವಿಕಾಸ ಹೊಂದಿದ್ದರೆ ಹೇಗಿರುತ್ತಿತ್ತೆಂದು ಊಹಿಸಿ, ಬಾಲವಿಲ್ಲದೆ ನೆಟ್ಟಗೆ ನಿಂತ, ಮೂರು ಬೆರಳಿನ ಜೀವಿಯೊಂದರ ಪ್ರತಿಮೆಯನ್ನೇ ಮಾಡಿಸಿದರು. ಆದರೆ ಅದು ಡೈನೋಸಾರ್‌ಗೆ ಮನುಷ್ಯನ ಅಚ್ಚು ಹಾಕಿದಂತಿದೆ ಎಂಬ ಟೀಕೆಯನ್ನು ನಾನೂ ಒಪ್ಪುತ್ತೇನೆ. ಡೈನೋಸಾರ್ ವಂಶದ ಒಂದು ಕವಲು ಹಕ್ಕಿಗಳ ರೂಪದಲ್ಲಿ ಇಂದಿಗೂ ಬದುಕಿದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಗೆ ಕಡ್ಡಿಯನ್ನು ಕೊಕ್ಕಿನಿಂದ ಕೊಕ್ಕೆಯಾಗಿ ತಿದ್ದಿ ಮರದ ಪೊಟರೆಯೊಳಗಿನ ಹುಳುವನ್ನು ಎಳೆದು ತಿನ್ನುತ್ತದೆ. ಬುದ್ಧಿ ಬೆಳೆಯಲು ಮನುಷ್ಯನ ಮೈಕಟ್ಟು ಬೇಕಿಲ್ಲ ಎನ್ನಲು ಇಷ್ಟು ಸಾಕು.

ನನ್ನನ್ನು ಹೆಚ್ಚು ಸೆಳೆಯುವುದು ಹುಲ್ಲಿನ ಕಥೆ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ, ಕಲ್ಲಾಗಿ ಹೋದ ಡೈನೋಸಾರ್ ಲದ್ದಿಯಲ್ಲಿ ಹುಲ್ಲಿನ ಸೂಕ್ಷ್ಮ ಸಿಲಿಕಾ (ಮರಳಿನಲ್ಲಿರುವ ಗಟ್ಟಿ ವಸ್ತು) ಕಣಗಳಿರುವುದು 2005ರಲ್ಲಿ ಪ್ರಕಟವಾಯಿತು. ಹುಲ್ಲುಗಾವಲುಗಳು ವಿಶಾಲವಾಗಿ ಹರಡಿದ್ದು ಬಹಳ ತಡವಾಗಿ; ಆಗ ಸಿಲಿಕಾ ತುಂಬಿದ ಹುಲ್ಲು ಹಲ್ಲನ್ನು ಸವೆಸುವುದರಿಂದ ಕುದುರೆ, ಹಸುಗಳ ವಂಶದಲ್ಲಿ ಎತ್ತರದ ಹಲ್ಲುಗಳು ವಿಕಾಸಗೊಂಡವು. ಬಾತುಕೊಕ್ಕಿನ ಡೈನೋಸಾರ್‌ಗಳಿಗಾದರೋ ದವಡೆಯ ತುಂಬ ಒತ್ತಾಗಿ ಜೋಡಿಸಿದ ನೂರಾರು ಹಲ್ಲುಗಳಿದ್ದು, ಸವೆದುದರ ಕೆಳಗಿನಿಂದ ಹೊಸದು ಮೇಲೇರುತ್ತಲೇ ಇರುತ್ತಿತ್ತು. ಅವು ಉಳಿದಿದ್ದರೆ ಇಂದು ಬಯಲುಗಳಲ್ಲಿ ಹಿಂಡುಹಿಂಡಾಗಿ ಮೇಯುತ್ತಿದ್ದವೆಂದು ಊಹಿಸುವುದು ಅತಿರೇಕವೇನಲ್ಲ. ಅಲಾಸ್ಕಾದ ಉತ್ತರ ತುದಿಯಲ್ಲೂ ಅವುಗಳ ಮೂಳೆಗಳು ದೊರೆತಿರುವುದರಿಂದ ಮುಂದೆ ಬಂದ ಚಳಿಯೊಂದೇ ಅವನ್ನೆಲ್ಲ ಅಳಿಸಿಬಿಡುತ್ತಿತ್ತೆಂದು ಹೇಳಲಾಗದು.

ಇನ್ನು ನಾವು. ಸಸ್ತನಿಗಳು ಹತ್ತಾರು ಕೋಟಿ ವರ್ಷ ಡೈನೋಸಾರ್‌ಗಳ ಜೊತೆಗೇ ಬದುಕಿದ್ದರೂ ಹೆಚ್ಚಿನವು ಇಲಿ, ಅಳಿಲುಗಳ ಗಾತ್ರ ಮೀರಲಿಲ್ಲ. ಚೀನಾದಲ್ಲಿ ಸಿಕ್ಕ, ಮರಿ ಡೈನೋಸಾರನ್ನೇ ತಿಂದಿದ್ದ ರೆಪೆನೊಮಾಮಸ್ ಎಂಬುದು ಅಂದಿನ ಸಸ್ತನಿಗಳಲ್ಲಿ ಭಾರೀ ಪ್ರಾಣಿ. ಅದರ ಉದ್ದವಾದರೂ ಸುಮಾರು ಒಂದು ಮೀಟರ್. ಹಗಲು ಡೈನೋಸಾರ್‌ಗಳದಾಗಿದ್ದುದರಿಂದ ನಮ್ಮ ಪೂರ್ವಜರು ಬಹುಪಾಲು ಇರುಳಿನಲ್ಲೇ ಸಂಚರಿಸುತ್ತಿದ್ದರು. 6.6 ಕೋಟಿ ವರ್ಷಗಳ ಹಿಂದೆ ಆ ಜಾಗ ತೆರವಾಗದಿದ್ದರೆ ಮನುಷ್ಯ ಹುಟ್ಟುತ್ತಿದ್ದುದು ಅಸಂಭವವೆಂದೇ ನನಗೆ ತೋರುತ್ತದೆ. ಆ ದೀರ್ಘ ಇರುಳುವಾಸದ ಗುರುತು ಇಂದಿಗೂ ಉಳಿದಿದೆ: ನಾಯಿ, ಹಸುಗಳ ಕಣ್ಣಿಗೆ ಕೆಂಪು ಮತ್ತು ಹಸಿರಿನ ಭೇದ ಸರಿಯಾಗಿ ಕಾಣದು, ಆದರೆ ಹಗಲಿನ ಡೈನೋಸಾರ್ ವಂಶದ್ದೇ ಆದ ಅಂಗಳದ ಕೋಳಿಗೆ ನಮಗಿಂತಲೂ ಹೆಚ್ಚು ಬಣ್ಣಗಳು ಕಾಣುತ್ತವೆ.